ಬೇಳೆ ಬಸಿದ ಕಟ್ಟು: ನಿಮ್ಮ ಕಡೆ ಏನೇನ್ ಮಾಡ್ತಾರೆ? (ರೆಸಿಪಿ ಹಾಕಿ, ಜೊತೆಗೆ ಗೊತ್ತಿರೋ ಸ್ವಾರಸ್ಯನೂ ಹೇಳಿ)

ಒಗ್ಗರಣೆ ಡಬ್ಬಿ

ಎಲ್ಲರಿಗೂ ನಮಸ್ಕಾರ. ಬೇಳೆ ಕಾಳು ಸೊಪ್ಪು ಬೇಯಿಸಿ ಬಸಿದ್ಮೇಲೆ ಉಳಿಯೋ ನೀರು ಇದೆಯಲ್ಲ, ಕಟ್ಟು, ಅದರ ಬಗ್ಗೆನೇ ಒಂದು ಚರ್ಚೆ ಆಗಲಿ ಅಂತ. ನಮ್ದು ತುಮಕೂರು ಕಡೆ, ಬಸ್ಸಾರು ವಾರಕ್ಕೊಂದ್ಸಲ ಗ್ಯಾರಂಟಿ, ಹಬ್ಬ ಬಂದ್ರೆ ಒಬ್ಬಟ್ಟಿನ ಸಾರು. ಮೊನ್ನೆ ಆಫೀಸಲ್ಲಿ ಲಕ್ನೋ ಕಡೆ ಹುಡುಗಿ ಒಬ್ಬಳು ನನ್ನ ಡಬ್ಬಿಯಿಂದ ರುಚಿ ನೋಡಿ ಇದು ಯಾವ ದಾಲ್ ಅಂದ್ಲು, ದಾಲ್ ಅಲ್ಲ ಕಣಮ್ಮ ದಾಲ್ ಬೇಯಿಸಿದ ನೀರು ಅಂದ್ರೆ ನಂಬಲೇ ಇಲ್ಲ. ಬೇಳೆ ಎಲ್ಹೋಯ್ತು ಅಂದ್ಲು, ಅದು ಪಕ್ಕದ ಡಬ್ಬೀಲಿ ಪಲ್ಯ ಆಗಿ ಕೂತಿತ್ತು.

ಮೊದ್ಲು ನಮ್ಮನೆ ಬಸ್ಸಾರು ಹಾಕ್ತೀನಿ. ಒಂದು ಲೋಟ ತೊಗರಿಬೇಳೆ (ಅಲಸಂದೆ ಕಾಳಾದ್ರೂ ಸರಿ, ಕಾಳಾದ್ರೆ ರಾತ್ರಿನೇ ನೆನೆಹಾಕಿ), ಎರಡು ಕಂತೆ ದಂಟಿನ ಸೊಪ್ಪು ಇಲ್ಲಾ ಸಬ್ಬಸಿಗೆ, ಎರಡೂ ಬೆರೆಸಿದ್ರೆ ಇನ್ನೂ ಚೆನ್ನ. ಬೇಳೆನ ಆರೇಳು ಲೋಟ ನೀರಲ್ಲಿ ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ ತೆರೆದ ಪಾತ್ರೇಲಿ ಬೇಯೋಕಿಡಿ, ಮುಕ್ಕಾಲು ಬೆಂದಾಗ ಸೊಪ್ಪು ಉಪ್ಪು ಹಾಕಿ. ಬೇಳೆ ಬೆರಳಲ್ಲಿ ಹಿಸುಕಿದ್ರೆ ಒಡೀಬೇಕು ಆದ್ರೆ ನೋಡೋಕೆ ಇಡಿಯಾಗೇ ಇರ್ಬೇಕು, ಆವಾಗ ಬಸಿಯೋದು. ಮಸಾಲೆಗೆ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಐದಾರು ಒಣಮೆಣಸಿನಕಾಯಿ, ಅರ್ಧ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಎರಡು ಚಮಚ ಧನಿಯಾ ಎಲ್ಲಾ ಹುರ್ಕೊಂಡು, ಒಂದು ಹಿಡಿ ತೆಂಗಿನಕಾಯಿ, ನೆಲ್ಲಿಕಾಯಿ ಗಾತ್ರ ಹುಣಸೆಹಣ್ಣು, ಬೆಂದ ಸೊಪ್ಪು ಬೇಳೆ ಎರಡು ಸೌಟು ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಈ ಎರಡು ಸೌಟು ಮರೆತ್ರೆ ಸಾರು ನೀರು ನೀರು, ಕಟ್ಟು ಒಂದ್ಕಡೆ ಮಸಾಲೆ ಒಂದ್ಕಡೆ ನಿಲ್ಲುತ್ತೆ. ಉಳಿದ ಬೇಳೆ ಸೊಪ್ಪಿಗೆ ಸಾಸಿವೆ ಈರುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದ್ರೆ ಪಲ್ಯ ರೆಡಿ.

ಈಗ ನೀವ್ ಹೇಳಿ.

ಮುದ್ದೆ ಭಕ್ತ

ಅಕ್ಕ ಎಲ್ಲಾ ಸರಿ ಉಪ್ಸಾರ್ ಹೆಸರೇ ಎತ್ತಲಿಲ್ವಲ್ಲ, ಮಂಡ್ಯದೋರು ಇನ್ನೂ ಬದುಕಿದ್ದೀವಿ ಕಣಕ್ಕ 😀

ಬಸ್ಸಾರಿಗೆ ಹುರಿಯೋದು ರುಬ್ಬೋದು ನೂರೆಂಟು ಕೆಲ್ಸ. ಉಪ್ಸಾರು ಅಂದ್ರೆ ಕಾಳು ಸೊಪ್ಪು ಬೇಯಿಸು, ಉಪ್ಪಾಕು, ಬಸಿ, ಅಷ್ಟೇಯ. ಆ ನೀರೇ ಸಾರು. ರುಚಿ ಎಲ್ಲಾ ಇರೋದು ಖಾರದಲ್ಲಿ. ಹಸಿಮೆಣಸಿನಕಾಯ್ನ ಒಲೆ ಮೇಲೆ ಚುಕ್ಕೆ ಚುಕ್ಕೆ ಕಪ್ಪಾಗೋಗಂಟ ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಚೂರು ಹುಣಸೆಹಣ್ಣು, ಕೊತ್ತಂಬ್ರಿ ಸೊಪ್ಪು, ಕಲ್ಲುಪ್ಪು ಹಾಕ್ಕಂಡು ಒರಳಲ್ಲಿ ಅರೀಬೇಕು. ಮಿಕ್ಸೀಲಿ ಹಾಕಿದ್ರೆ ಬೆಳ್ಳುಳ್ಳಿ ಒಂಥರಾ ಕಹಿ ವಾಸ್ನೆ ಹೊಡೀತದೆ, ಬೇಕಾದ್ರೆ ಎರಡೂ ಮಾಡಿ ನೋಡಿ. ಆ ಖಾರನ ತಟ್ಟೆ ಅಂಚಲ್ಲಿ ಗೋಲಿಯಷ್ಟು ಇಟ್ಕಂಡು, ಮುದ್ದೆ ಮೇಲೆ ಬಿಸಿ ಕಟ್ಟು ಬುಟ್ಕಂಡು, ಯಾರ್ಗೆ ಎಷ್ಟು ಬೇಕೋ ಅಷ್ಟು ಖಾರ ಕಲಸ್ಕಳದು. ಮನೇಲಿ ಚಿಕ್ಕ ಮಗಿಂದ ಹಿಡ್ದು ಬಿಪಿ ಇರೋ ಅಜ್ಜನ ಗಂಟ ಒಂದೇ ಸಾರು ಎಲ್ಲರ್ಗೂ ಆಯ್ತದೆ. ಇದಕ್ಕಿಂತ ಬುದ್ವಂತಿಕೆ ಅಡುಗೆ ತೋರ್ಸಿ ನೋಡಾಣ.

ಬದನಿಕಾಯಿ ಎಣಗಾಯಿ

ನಮ್ಮ ಕಡೆ ಕಟ್ಟಿನ ಸಾರು ಅಂದ್ರ ಹೋಳಗಿ ದಿವಸದ್ದೇ ರೀ, ಹೋಳಿ ಹುಣ್ಣಿವಿ, ಯುಗಾದಿ, ಕಾರ ಹುಣ್ಣಿವಿ. ನಿಮ್ಮ ಕಡೆ ತೊಗರಿಬ್ಯಾಳಿ ಹೂರಣ ಮಾಡ್ತೀರಿ, ನಾವು ಧಾರವಾಡ ಕಡೆಯವ್ರು ಕಡ್ಲಿಬ್ಯಾಳಿ. ಕಡ್ಲಿಬ್ಯಾಳಿ ಲಗೂನ ಕರಗಂಗಿಲ್ಲ, ಹಂಗಾಗಿ ಕಟ್ಟು ತಿಳಿಯಾಗಿ ಬರ್ತದ, ಸಾರೂ ತಿಳೀನ ಆಗ್ತದ.

ಬಸಿದ ಕಟ್ಟು ನಾಕು ಲೋಟ ಇದ್ರ ಒಂದು ಮುಷ್ಟಿ ಹೂರಣ ಅದರಾಗ ಕಲಸ್ರಿ (ಬೆಲ್ಲ ಹಾಕಿ ರುಬ್ಬಿದ ಹೂರಣ, ಹಂಗಾಗಿ ಬ್ಯಾರೆ ಬೆಲ್ಲ ಭಾಳ ಬ್ಯಾಡ). ಒಣಕೊಬ್ರಿ ಕೆಂಪಗ ಹುರ್ಕೊಂಡು, ಜೀರಗಿ, ಕೊತ್ತಂಬ್ರಿ ಬೀಜ, ಎರಡು ಲವಂಗ, ಒಂದು ಚಕ್ಕಿ ತುಣುಕು, ನಾಕು ಮೆಣಸಿನಕಾಳು ಕೂಡಿಸಿ ಪುಡಿ ಮಾಡಿ ಹಾಕ್ರಿ. ಹುಣಸಿಹಣ್ಣಿನ ರಸ, ಬ್ಯಾಡಗಿ ಖಾರಪುಡಿ, ಉಪ್ಪು. ಮ್ಯಾಲೆ ಇಂಗು ಕರಿಬೇವು ಸಾಸಿವಿ ಒಗ್ಗರಣಿ. ಕುದಿ ಬಂದ ಮ್ಯಾಲೆ ಸಣ್ಣ ಉರಿ ಮ್ಯಾಲೆ ಬಿಟ್ಟುಬಿಡ್ರಿ, ಅವಸರ ಮಾಡಬ್ಯಾಡ್ರಿ. ಬೆಳಗಾವಿ ದಾಟಿ ಹೋದ್ರ ಇದನ್ನ ಕಟಾಚಿ ಆಮಟಿ ಅಂತಾರ, ಅವ್ರು ಗೋಡಾ ಮಸಾಲಿ ಹಾಕ್ತಾರ, ಸಾರು ಸ್ವಲ್ಪ ಕಪ್ಪಗಿರ್ತದ.

ಹೋಳಗಿ ಮುಗದು ಹೋಗಿ ಮರುದಿನ ಉಳಿದ ಸಾರು ಕಾಸಿ ಬಿಸಿ ಅನ್ನದ ಮ್ಯಾಲೆ ಹಾಕ್ಕೊಂಡು ಉಣ್ಣೋ ರುಚಿ ಇರ್ತದಲ್ಲ, ನಮ್ಮನ್ಯಾಗ ಅದಕ್ಕs ಜಗಳ ಆಗ್ತದ.

ಒಗ್ಗರಣೆ ಡಬ್ಬಿ

@ಎಣಗಾಯಿ ಲವಂಗ ಚಕ್ಕೆ ಒಬ್ಬಟ್ಟಿನ ಸಾರಿಗಾ?? ನಮ್ಮಮ್ಮಂಗೆ ಹೇಳಿದ್ರೆ ಅದು ಪಲಾವ್ ಸಾರು ಅಂತಾರೆ. ನಮ್ಮಲ್ಲಿ ಸಾರಿನಪುಡಿ ಕಾಯಿ ಹೂರಣ ರುಬ್ಬಿ ಹಾಕಿದ್ರೆ ಮುಗೀತು.

ಬದನಿಕಾಯಿ ಎಣಗಾಯಿ

ಒಮ್ಮೆ ಮಾಡಿ ನೋಡ್ರಿ ಆಮ್ಯಾಲೆ ಮಾತಾಡೋಣಂತ 🙏

ಕೂಲಿಂಗ್ ಗ್ಲಾಸ್ ಕಿಟ್ಟಿ

ಬ್ಯಾಚುಲರ್ ಪ್ರಶ್ನೆ. ಕುಕ್ಕರಲ್ಲಿ ಮಾಡಿದ್ರೆ ಏನ್ ಪ್ರಾಬ್ಲಂ? ತೆರೆದ ಪಾತ್ರೇಲಿ ಬೇಳೆ ಬೇಯೋತನಕ ನಿಂತ್ಕೊಳ್ಳೋಕೆ ಟೈಮಿಲ್ಲ. ಇನ್ನೊಂದು, ನಮ್ ಪಿಜಿ ಹತ್ರ ಬೋರ್‌ವೆಲ್ ನೀರು, ಬೇಳೆ ಎಷ್ಟು ಕೂಗಿಸಿದ್ರೂ ಕಲ್ಲು ಕಲ್ಲು. ಅಂಗಡಿಯವ್ನು ಸೋಡ ಹಾಕು ಅಂದ.

ಪ್ರಯೋಗಶಾಲೆ

ನಾನು ಕೆಮಿಸ್ಟ್ರಿ ಪಾಠ ಮಾಡೋದು, ಈ ಪ್ರಶ್ನೆ ಕಂಡ್ರೆ ಸುಮ್ನಿರೋಕಾಗಲ್ಲ.

ಕಿಟ್ಟಿ, ಕುಕ್ಕರಲ್ಲಿ ಒತ್ತಡ ಜಾಸ್ತಿ ಇರೋದ್ರಿಂದ ನೀರು ಸುಮಾರು 120 ಡಿಗ್ರಿಗೆ ಹೋಗಿ ಕುದಿಯುತ್ತೆ, ತೆರೆದ ಪಾತ್ರೇಲಿ 100 ದಾಟಲ್ಲ (ಬೆಂಗಳೂರು ಎತ್ತರದಲ್ಲಿರೋದಕ್ಕೆ ಇಲ್ಲಿ ಇನ್ನೂ ಎರಡು ಮೂರು ಡಿಗ್ರಿ ಕಮ್ಮಿನೇ). ಹಂಗಾಗಿ ಬೇಳೆ ಬೇಗ ಬೇಯುತ್ತೆ, ಆದ್ರೆ ಒಳಗೆ ಏನಾಗ್ತಿದೆ ಅಂತ ನೋಡೋಕಾಗಲ್ಲ, ಮುಚ್ಚಳ ತೆಗೆಯೋ ಹೊತ್ತಿಗೆ ತೊಗರಿಬೇಳೆ ಕರಗಿ ಗಂಜಿ. ಗಂಜಿಯಾದ ಬೇಳೆಯಿಂದ ಬಸಿಯೋದು ಏನನ್ನ? ಕಾಳುಗಳಿಗಾದ್ರೆ ಕುಕ್ಕರ್ ಪರವಾಗಿಲ್ಲ, ಸಿಪ್ಪೆ ಹಿಡ್ಕೊಂಡಿರುತ್ತೆ. ಕುಕ್ಕರ್ ಏನು ಇವತ್ತಿನದಲ್ಲ, ಡೆನಿಸ್ ಪಪಾನ್ ಅನ್ನೋ ಫ್ರೆಂಚ್ ವಿಜ್ಞಾನಿ 1679ರಲ್ಲೇ ಲಂಡನ್ನಿನಲ್ಲಿ ಮಾಡಿದ್ದ, ಮೂಳೆ ಮೆತ್ತಗಾಗೋ ಹಾಗೆ ಬೇಯಿಸೋಕೆ. ಸಿಡಿಯದೇ ಇರ್ಲಿ ಅಂತ ಅದಕ್ಕೆ ಸೇಫ್ಟಿ ವಾಲ್ವ್ ಹಾಕಿದ್ದೂ ಅವನೇ.

ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಷಿಯಂ ಜಾಸ್ತಿ. ಬೇಳೆಯ ಜೀವಕೋಶಗಳನ್ನ ಅಂಟಿಸಿ ಹಿಡಿದಿರೋದು ಪೆಕ್ಟಿನ್, ಕ್ಯಾಲ್ಸಿಯಂ ಸೇರಿದ್ರೆ ಆ ಅಂಟು ಇನ್ನೂ ಗಟ್ಟಿ. ಹುಳಿನೂ ಅದೇ ಕೆಲ್ಸ ಮಾಡುತ್ತೆ, ಅದಕ್ಕೇ ಬೇಳೆ ಬೇಯೋ ಮುಂಚೆ ಹುಣಸೆಹಣ್ಣು ಟೊಮೆಟೊ ಹಾಕಬೇಡ ಅಂತ ಮನೇಲಿ ಬೈತಾರಲ್ಲ, ಸುಮ್ನೆ ಬೈಯೋದಲ್ಲ. ಸೋಡ ಪೆಕ್ಟಿನ್ ಒಡೆಯುತ್ತೆ, ಬೇಳೆ ಬೇಗ ಬೇಯುತ್ತೆ, ಸರಿ, ಆದ್ರೆ ಬಿ1 ವಿಟಮಿನ್ ಹಾಳಾಗುತ್ತೆ, ಸೋಪಿನ ರುಚಿ ಬರುತ್ತೆ, ಅರಿಶಿನ ಹಾಕಿದ್ರೆ ಬಣ್ಣಾನೂ ಕೆಂಪಿಗೆ ತಿರುಗುತ್ತೆ. ಅರಿಶಿನಕ್ಕೆ ಕ್ಷಾರ ತಾಗಿದ್ರೆ ಕೆಂಪಾಗೋದು, ಕುಂಕುಮ ಮಾಡೋದೇ ಅರಿಶಿನಕ್ಕೆ ಸುಣ್ಣ ಸೇರಿಸಿ. ಆರತಿ ತಟ್ಟೆ ನೀರು ಕೆಂಪಾಗೋದೂ ಅದೇ. ಬೇಳೆಗೆ ಮಾತ್ರ ಕುಡಿಯೋ ಫಿಲ್ಟರ್ ನೀರು ಬಳಸು, ಸೋಡ ಬೇಡ. ಇನ್ನೂ ಬೇಯ್ಲಿಲ್ಲ ಅಂದ್ರೆ ಬೇಳೆನೇ ಹಳೇದು, ಸೆಕೆ ಜಾಗದಲ್ಲಿ ತುಂಬಾ ದಿನ ಇಟ್ಟಿದ್ದಿರ್ಬೇಕು, ಅಂಥದ್ದು ಯಾವ ನೀರಿಗೂ ಬಗ್ಗಲ್ಲ.

ಕೂಲಿಂಗ್ ಗ್ಲಾಸ್ ಕಿಟ್ಟಿ

ಸರ್ ಇಷ್ಟು ಚೆನ್ನಾಗಿ ಕಾಲೇಜಲ್ಲಿ ಹೇಳಿದ್ರೆ ನಾನೂ ಪಾಸಾಗ್ತಿದ್ದೆ

ಕಾಫಿ ತೋಟ

ಸಕಲೇಶಪುರದಿಂದ. ಕಟ್ಟು ಅಂದ್ರೆ ನಮಗೆ ಹುರಳಿ ಕಟ್ಟು, ಬೇರೆಲ್ಲಾ ಆಮೇಲೆ. ಹಳೇ ಕಾಲದ ಮನೆಗಳಲ್ಲಿ ಎತ್ತುಗಳಿಗೆ ಅಂತ ದೊಡ್ಡ ಹಂಡೇಲಿ ಹುರಳಿ ಬೇಯಿಸೋರು, ಕಾಳು ಕೊಟ್ಟಿಗೆಗೆ ಹೋಗೋದು, ಕಟ್ಟು ಅಡುಗೆಮನೆಗೆ ಬರೋದು. ಎತ್ತಿಗೆ ಕಾಳು ಮನುಷ್ಯಂಗೆ ನೀರು, ಈಗ ಯೋಚನೆ ಮಾಡಿದ್ರೆ ನಗು ಬರುತ್ತೆ ಆದ್ರೆ ರುಚಿ ಗೊತ್ತಿರೋರು ಮೋಸ ಹೋದ್ವಿ ಅಂತ ಅನ್ನಲ್ಲ.

ಅರ್ಧ ಕೆಜಿ ಹುರಳಿ ಕಲ್ಲು ಆರಿಸಿ ತೊಳೆದು ರಾತ್ರಿ ನೆನೆಸಿ (ಹುರಳೀಲಿ ಕಲ್ಲು ಇದ್ದೇ ಇರುತ್ತೆ, ಪ್ಯಾಕೆಟ್ಟಿನ ಮೇಲೆ ಕ್ಲೀನ್ ಅಂತ ಬರೆದಿದ್ರೂ ನಂಬಬೇಡಿ). ಬೆಳಗ್ಗೆ ನಾಲ್ಕೈದು ಲೀಟರ್ ನೀರು ಹಾಕಿ ಸೌದೆ ಒಲೆ ಇದ್ರೆ ಸೌದೆ ಒಲೆ, ಇಲ್ಲಾಂದ್ರೆ ಗ್ಯಾಸ್ ಸಣ್ಣ ಉರಿ. ಕಾಳು ಮೆತ್ತಗೆ ಬೆಂದ ಮೇಲೆ ಬಸಿದು, ಆ ಕಟ್ಟನ್ನ ಮತ್ತೆ ಒಲೆ ಮೇಲಿಟ್ಟು ಕುದಿಸ್ತಾ ಹೋಗಿ. ಮೊದಲು ಹಳದಿ ಮಿಶ್ರಿತ ಕಂದು ಇರುತ್ತೆ, ನೊರೆ ಬರುತ್ತೆ, ನೊರೆ ತೆಗೀತಾ ಇರಿ. ಇಳೀತಾ ಇಳೀತಾ ಬಣ್ಣ ಗಾಢ ಆಗುತ್ತೆ, ಸದ್ದು ಬದಲಾಗುತ್ತೆ, ನೀರು ಕುದಿಯೋ ಗಳಗಳ ಹೋಗಿ ಲೊಚ ಲೊಚ ಅಂತ ದಪ್ಪ ಗುಳ್ಳೆ ಒಡೆಯೋಕೆ ಶುರುವಾಗುತ್ತೆ, ಆವಾಗ ಪಕ್ಕದಲ್ಲೇ ನಿಂತಿರಿ, ತಿರುಗಿಸ್ತಾ ಇರಿ, ಕಣ್ಣು ತಪ್ಪಿಸಿದ್ರೆ ತಳ ಹಿಡಿಯುತ್ತೆ. ಸೌಟಿಂದ ಬಿಟ್ರೆ ಜೋನಿಬೆಲ್ಲದ ಥರ ದಾರ ಆಗಿ ಬೀಳ್ಬೇಕು. ಅದು ಅಸಲಿ ಕಟ್ಟು. ಆರಿಸಿ ಬಾಟ್ಲಿಗೆ ಹಾಕಿಟ್ರೆ ಬೇಕಾದಾಗ ಎರಡು ಚಮಚ ತೆಗೆದು ಬಿಸಿನೀರಲ್ಲಿ ಕದಡಿ, ಹುಣಸೆ ರಸ, ಕಾಳುಮೆಣಸು ಜೀರಿಗೆ ಪುಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ರೆ ಸಾರು. ಮಳೆಗಾಲದಲ್ಲಿ ಇದು ಇಲ್ದೆ ನಮಗೆ ನಡಿಯಲ್ಲ.

ಬೊಂಡ ಶರಬತ್ತು

ನಮ್ಮ ಮಂಗಳೂರು ಉಡುಪಿ ಕಡೆಯೂ ಹುರುಳಿ ಸಾರು ಉಂಟು ಮಾರಾಯ್ರೆ, ತುಳುವಿನಲ್ಲಿ ಕುಡುತ್ತ ಸಾರ್. ಆದರೆ ಅಷ್ಟು ಇಳಿಸುವುದಿಲ್ಲ, ತೆಳ್ಳಗೆ. ಬೇಯಿಸಿದ ನೀರಿಗೆ ಉಪ್ಪು, ಸಣ್ಣ ತುಂಡು ಬೆಲ್ಲ, ಹುಣಸೆ ಹುಳಿ, ಒಂದೆರಡು ಹಸಿಮೆಣಸು ಸೀಳಿ ಹಾಕಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವವರೆಗೆ ಹುರಿದ ಒಗ್ಗರಣೆ. ಬೆಳ್ಳುಳ್ಳಿ ಹತ್ತು ಹದಿನೈದು ಎಸಳು ಆದರೂ ಬೇಕು, ಕಂಜೂಸು ಮಾಡಬೇಡಿ. ಕುಚ್ಚಲಕ್ಕಿ ಅನ್ನಕ್ಕೆ ಇದು, ಪಕ್ಕದಲ್ಲಿ ಒಣಮೀನು ಇದ್ದರೆ ಮತ್ತೆ ಮಾತಿಲ್ಲ. ಅಂದ ಹಾಗೆ ಕುಚ್ಚಲಕ್ಕಿ ಬೇಯಿಸಿದ ಗಂಜಿ ತಿಳಿಯನ್ನೂ ನಾವು ಚೆಲ್ಲುವುದಿಲ್ಲ, ಉಪ್ಪು ಹಾಕಿ ಕುಡಿಯುವುದು. ಬಸಿದ ನೀರು ಚೆಲ್ಲುವ ಜನ ನಾವಲ್ಲ ಅಂತ ಬರೆದಿಟ್ಟುಕೊಳ್ಳಿ.

ಡಯಟ್ ದೀಕ್ಷಿತೆ

ಎಲ್ಲಾ ಬಾಯಲ್ಲಿ ನೀರು ಬರೋ ಹಾಗಿದೆ ಆದ್ರೆ ಒಂದು ಡೌಟು. ಕಾಳು ಬೇಯಿಸಿದ ನೀರು ಚೆಲ್ಲಬೇಕು, ಅದರಿಂದ ಗ್ಯಾಸ್ ಆಗುತ್ತೆ, ನೊರೆ ಎಲ್ಲಾ ವಿಷ ಅಂತ ವಾಟ್ಸಾಪಲ್ಲಿ ಬರ್ತಾ ಇರುತ್ತಲ್ಲ? ನಮ್ಮತ್ತೆ ಅದನ್ನ ನೋಡಿ ಒಂದ್ ತಿಂಗಳಿಂದ ಬಸ್ಸಾರೇ ನಿಲ್ಲಿಸಿದ್ದಾರೆ, ಮನೇಲಿ ಎಲ್ಲರೂ ಬೇಜಾರಲ್ಲಿದ್ದಾರೆ.

ಪ್ರಯೋಗಶಾಲೆ

ಅತ್ತೆಗೆ ಓದಿ ಹೇಳಿ. ನೊರೆ ಬರೋದು ಸಪೋನಿನ್ ಮತ್ತೆ ಪ್ರೋಟೀನಿಂದ. ಅಂಟುವಾಳಕಾಯಿ ಸೀಗೆಕಾಯಿ ನೊರೆ ಬರೋದೂ ಸಪೋನಿನ್ನಿಂದಲೇ. ಬೇಳೆಯಲ್ಲಿರೋ ಪ್ರಮಾಣಕ್ಕೆ ಏನೂ ಆಗಲ್ಲ, ಸ್ವಲ್ಪ ಒಗರು ಕಹಿ ಅಂತ ನೊರೆ ತೆಗೆಯೋದು ಅಷ್ಟೆ.

ಗ್ಯಾಸಿನ ಮಾತು ಅರ್ಧ ನಿಜ. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅಂತ ಸಕ್ಕರೆಗಳಿವೆ, ಅವನ್ನ ಅರಗಿಸೋ ಕಿಣ್ವ ನಮ್ಮ ಹೊಟ್ಟೇಲಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಗಾಳಿ ಬಿಡ್ತವೆ. ಈ ಸಕ್ಕರೆಗಳಲ್ಲಿ ಒಂದಷ್ಟು ನೆನೆಸಿದ ನೀರಿಗೆ ಬಿಡುತ್ತೆ, ಹಂಗಾಗಿ ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದ್ರೆ ಸಾಕು. ಬೇಯಿಸಿದ ನೀರು ಚೆಲ್ಲಿದ್ರೆ ಫೋಲೇಟು, ಪೊಟ್ಯಾಸಿಯಂ ಎಲ್ಲಾ ಜೊತೇಲೇ ಮೋರಿಗೆ ಹೋಗುತ್ತೆ.

ಒಂದೇ ಒಂದು ಹುಷಾರು: ರಾಜ್ಮಾ. ಅದರಲ್ಲಿ ಲೆಕ್ಟಿನ್ ಅಂತ ಒಂದು ಇದೆ, ಹಸಿ ಇಲ್ಲಾ ಅರೆಬೆಂದ ರಾಜ್ಮಾ ತಿಂದ್ರೆ ಕೆಲವು ಗಂಟೇಲೇ ವಾಂತಿ ಭೇದಿ. ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಜೋರಾಗಿ ಕುದಿಸಬೇಕು, ಕುಕ್ಕರಾದ್ರೆ ಚಿಂತೆನೇ ಇಲ್ಲ. ಸ್ಲೋ ಕುಕ್ಕರಲ್ಲಿ ನೇರವಾಗಿ ಹಾಕೋದು ಡೇಂಜರ್, ಅದು ಕುದಿಯೋ ಬಿಸಿಗೆ ಹೋಗದೆ ಇರಬಹುದು.

ಡಯಟ್ ದೀಕ್ಷಿತೆ

ಓದಿ ಹೇಳಿದೆ. "ನಾಳೆ ಸಬ್ಬಸಿಗೆ ತಗೊಂಡ್ ಬಾ" ಅಂದ್ರು. ಥ್ಯಾಂಕ್ಯೂ ಸರ್ 😂

ಟೆಕ್ಸಾಸ್ ತುರುವೇಕೆರೆ

ಇಲ್ಲಿ ನಮ್ಮ ಪಕ್ಕದ್ಮನೆಯವರು ಮೆಕ್ಸಿಕೋದವರು. ಕಪ್ಪು ಬೀನ್ಸ್ ಬೇಯಿಸಿದ ನೀರನ್ನ ಲೋಟಕ್ಕೆ ಹಾಕಿ ಈರುಳ್ಳಿ ಕೊತ್ತಂಬರಿ ನಿಂಬೆ ಹಿಂಡಿ ಕುಡೀತಾರೆ, ನಾನು ನೋಡಿ ಅಯ್ಯೋ ಇದು ನಮ್ಮ ಉಪ್ಸಾರಲ್ವಾ ಅಂದೆ. ಗ್ಯಾಸಿಗೆ ನಾವು ಇಂಗು ಹಾಕೋ ಹಾಗೆ ಅವರು ಎಪಾಸೋತೆ ಅನ್ನೋ ಸೊಪ್ಪು ಹಾಕ್ತಾರೆ, ವಾಸನೆ ಮೊದಲ ಸಲಕ್ಕೆ ಸೀಮೆಎಣ್ಣೆ ಥರ ಹೊಡೆಯುತ್ತೆ ಆದ್ರೆ ಬೆಂದ ಮೇಲೆ ಸರಿಹೋಗುತ್ತೆ. ಇಂಗು ಮೊದಲ ಸಲ ಮೂಸಿದವರೂ ನಮ್ಮನ್ನ ಹಾಗೇ ಬೈಕೊಂಡಿರ್ತಾರೆ ಬಿಡಿ.

ಇನ್ನೊಂದು ಮಜಾ. ಕಾಬೂಲಿ ಕಡಲೆ ಬೇಯಿಸಿದ ಕಟ್ಟನ್ನ ಇಲ್ಲಿ ವೀಗನ್ ಜನ (ಹಾಲು ಮೊಟ್ಟೆನೂ ಮುಟ್ಟದೋರು) ಮೊಟ್ಟೆ ಬಿಳಿ ಬದಲು ಬಳಸ್ತಾರೆ. 2014ರಲ್ಲಿ ಜೋಯೆಲ್ ರೋಸೆಲ್ ಅನ್ನೋ ಫ್ರೆಂಚಿನವರು ಈ ನೀರು ಕಡೆದ್ರೆ ಮೊಟ್ಟೆ ಥರ ನೊರೆ ನಿಲ್ಲುತ್ತೆ ಅಂತ ತೋರಿಸಿದ್ರು, ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್ ಅದಕ್ಕೆ ಅಕ್ವಾಫಾಬ ಅಂತ ಹೆಸರಿಟ್ರು. ಈಗ ಅದನ್ನ ಡಬ್ಬೀಲಿ ತುಂಬಿ ದುಡ್ಡಿಗೆ ಮಾರ್ತಾರೆ ಸ್ವಾಮಿ. ನಾನು ಮಾಡಿ ನೋಡಿದೀನಿ, ಮೂರು ಟೇಬಲ್ ಸ್ಪೂನ್ ಗಟ್ಟಿ ಕಟ್ಟು ಒಂದು ಮೊಟ್ಟೆಗೆ ಸಮ ಅಂತ ಲೆಕ್ಕ, ಫ್ರಿಜ್ಜಲ್ಲಿ ತಣ್ಣಗೆ ಮಾಡಿ ಬೀಟರ್ ಹಿಡಿದ್ರೆ ಬೆಳ್ಳಗೆ ಉಬ್ಬಿ ನಿಲ್ಲುತ್ತೆ, ಸಕ್ಕರೆ ಹಾಕಿ ಸಣ್ಣ ಬಿಸೀಲಿ ಒಣಗಿಸಿದ್ರೆ ಗರಿಗರಿ ಮೆರಾಂಗ್. ಮಕ್ಕಳು ತಿಂದ್ರು, ಕಡಲೆ ವಾಸನೆ ಬರಲಿಲ್ಲ. ಉಪ್ಪು ಹಾಕಿ ಬೇಯಿಸಿದ ಕಟ್ಟು ಮಾತ್ರ ಬೇಡ.

ಮುದ್ದೆ ಭಕ್ತ

ಡಬ್ಬೀಲಿ ಕಟ್ಟು ಮಾರ್ತಾರಾ?? ನಮ್ಮವ್ವಂಗೆ ಹೇಳಿದ್ರೆ ನಾಳೆನೇ ಫ್ಯಾಕ್ಟ್ರಿ ಹಾಕ್ತಾಳೆ

ಸಂಗನಕಲ್ಲು

ಬಳ್ಳಾರಿಯವನು. ಮುದ್ದೆ ಭಕ್ತರ ತಟ್ಟೆ ಬಗ್ಗೆ ಸ್ವಲ್ಪ ಇತಿಹಾಸ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ರಾಗಿ: ಮೂಲ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಇಥಿಯೋಪಿಯ ಉಗಾಂಡ ಕಡೆ. ಅಲಸಂದೆ: ಅದೂ ಆಫ್ರಿಕಾ. ಹುಣಸೆ: ಮತ್ತೆ ಆಫ್ರಿಕಾ, ಆದ್ರೆ ಬಂದು ಯಾವ ಕಾಲವಾಯ್ತೋ, ನಮ್ಮದೇ ಮರ ಅನ್ನೋ ಹಾಗೆ ಬೇರು ಬಿಟ್ಟಿದೆ. ಮೆಣಸಿನಕಾಯಿ: ಅಮೆರಿಕ ಖಂಡದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಲ್ಲಿ ಬಂದಿದ್ದು. ಅಂದ್ರೆ ವಿಜಯನಗರ ಕಟ್ಟಿದ ಹಕ್ಕ ಬುಕ್ಕರು ಮೆಣಸಿನಕಾಯಿ ಖಾರ ತಿಂದೇ ಇಲ್ಲ, ಅವರದ್ದು ಏನಿದ್ರೂ ಕಾಳುಮೆಣಸು, ಶುಂಠಿ, ಹಿಪ್ಪಲಿ.

ಹಾಗಾದ್ರೆ ಈ ನೆಲದ್ದು ಯಾವುದು? ಹುರಳಿ. ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲು ಬೆಟ್ಟದಲ್ಲಿ ಹೊಸ ಶಿಲಾಯುಗದ ಜನ ಇದ್ದ ಜಾಗ ಅಗೆದಾಗ ಸುಟ್ಟು ಇದ್ದಿಲಾಗಿದ್ದ ಹುರಳಿ, ಹೆಸರು ಕಾಳು ಸಿಕ್ಕಿವೆ, ಜೊತೆಗೆ ಸಣ್ಣ ಸಿರಿಧಾನ್ಯಗಳು. ಬೂದಿದಿಬ್ಬದ (ಸಗಣಿ ಸುಟ್ಟ ಬೂದಿ ಗುಡ್ಡೆಗಳು) ಜನ ಅಂತೀವಲ್ಲ, ದನ ಸಾಕ್ಕೊಂಡಿದ್ದವರು, ಸುಮಾರು 4000 ವರ್ಷದ ಮಾತು. ತೊಗರಿನೂ ಭಾರತದ್ದೇ ಬೆಳೆ, ಅದೂ ಅಲ್ಲಿ ಸಿಕ್ಕಿದೆ, ಆದ್ರೆ ಹುರಳಿಗಿಂತ ಆಮೇಲಿನ ಪದರದಲ್ಲಿ. ಈಗ ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿರೋದು ಗೊತ್ತಿರಬಹುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಸಿಕ್ಕಿತ್ತು.

ಹಾಗಾಗಿ ಹಳೇತನದ ಲೆಕ್ಕ ಹಾಕಿದ್ರೆ ಕಾಫಿ ತೋಟದವರ ಹುರಳಿ ಕಟ್ಟು ಕಾಳುಮೆಣಸಿನ ಸಾರೇ ಸೀನಿಯರ್ರು. ಮಂಡ್ಯದವರು ಕ್ಷಮಿಸಬೇಕು.

ಮುದ್ದೆ ಭಕ್ತ

ಆಫ್ರಿಕಾದಿಂದ ಬರ್ಲಿ ಅಮೆರಿಕದಿಂದ ಬರ್ಲಿ ಗುರುಗಳೇ, ಅವೆಲ್ಲ ಒಂದೇ ತಟ್ಟೇಲಿ ಸೇರಿದ್ದು ನಮ್ ಮಂಡ್ಯದಲ್ಲಿ ತಾನೇ? ಮುಗೀತು.

ಕಾಫಿ ತೋಟ

ಸೀನಿಯರ್ ಅಂದಿದ್ದಕ್ಕೆ ಧನ್ಯವಾದ, ನಾನಂತೂ ಈ ಮೆಸೇಜ್ ಪ್ರಿಂಟ್ ತೆಗೆದು ಅಡುಗೆಮನೇಲಿ ಅಂಟಿಸ್ತೀನಿ

ಬದನಿಕಾಯಿ ಎಣಗಾಯಿ

ಬ್ಯಾಡಗಿ ಮಾತು ಬಂತು ಅಂತ ಹೇಳ್ತೀನ್ರಿ. ಹಾವೇರಿ ಜಿಲ್ಲಾದಾಗ ಬ್ಯಾಡಗಿ ಮಾರ್ಕೆಟ್ಟಿಗೆ ಸುಗ್ಗಿ ಟೈಮಿನಾಗ ಹೋಗ್ರಿ, ರಸ್ತಾನೇ ಕೆಂಪು ಕಾಣಿಸ್ತದ, ಮೂಗು ಕರ್ಚೀಫು ಬಿಟ್ಟು ಹೊರಗ ಬರಂಗಿಲ್ಲ. ಕಡ್ಡಿ, ಡಬ್ಬಿ ಅಂತ ಎರಡು ಥರ ಬರ್ತದ. ಕಡ್ಡಿ ಉದ್ದಕ್ಕ ಸುಕ್ಕು ಸುಕ್ಕು ಇರ್ತದ, ಡಬ್ಬಿ ಗಿಡ್ಡ ಗುಂಡಗ. ಎರಡರಾಗೂ ಖಾರ ಕಮ್ಮಿ, ಬಣ್ಣ ಜಾಸ್ತಿ. ಆ ಬಣ್ಣಾನ ತೆಗದು ಲಿಪ್‌ಸ್ಟಿಕ್ಕಿಗೂ ಬಳಸ್ತಾರ್ರಿ. ಕಟ್ಟಿನ ಸಾರಿಗೆ ಗುಂಟೂರು ಹಾಕಿದ್ರ ಬರೇ ಖಾರ ಆಗ್ತದ, ಬೆಲ್ಲದ ಜೋಡಿ ಹೊಂದಂಗಿಲ್ಲ.

ಖಾರ ಹತ್ತಿದ್ರ ನೀರು ಕುಡಿಬ್ಯಾಡ್ರಿ, ಹಾಲು ಮೊಸರು ತಗೋರಿ. ಹೋಳಗಿ ಜೋಡಿ ಹಾಲು ತುಪ್ಪ ಇರ್ತದಲ್ಲ, ಎಲ್ಲಾ ಲೆಕ್ಕ ಹಾಕೇ ಇಟ್ಟಾರ ನಮ್ಮ ಹಿರ್ಯಾರು.

ಪ್ರಯೋಗಶಾಲೆ

ಸರಿಯಾಗಿ ಹೇಳಿದ್ರಿ ಅಕ್ಕೋರೆ. ಖಾರದ ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಹಾಲಿನ ಕೇಸಿನ್ ಪ್ರೋಟೀನು ಅದನ್ನ ನಾಲಿಗೆಯಿಂದ ಎತ್ಕೊಂಡು ಹೋಗುತ್ತೆ. ಹಕ್ಕಿಗಳಿಗೆ ಈ ಖಾರ ಗೊತ್ತೇ ಆಗಲ್ಲ, ಗಿಳಿ ಮೆಣಸಿನಕಾಯಿ ಕಡಲೆಕಾಯಿ ಥರ ತಿನ್ನುತ್ತಲ್ಲ ಅದಕ್ಕೇ. ತಿಂದು ಹಾರಿ ಬೀಜ ಎಲ್ಲೆಲ್ಲೋ ಉದುರಿಸುತ್ತೆ, ಗಿಡಕ್ಕೂ ಅದೇ ಬೇಕಾಗಿರೋದು.

ಡಯಟ್ ದೀಕ್ಷಿತೆ

ಇಂಗಿನ ಬಗ್ಗೆ ಒಂದು ಸೇರಿಸ್ತೀನಿ, ಗೋಧಿ ಆಗದೇ ಇರೋರು ಮನೇಲಿದ್ರೆ ಇಂಗಿನ ಡಬ್ಬಿ ಹಿಂದುಗಡೆ ಓದಿ. ಪುಡಿ ಇಂಗಲ್ಲಿ ಅಸಲಿ ಇಂಗು ಸ್ವಲ್ಪ, ಮಿಕ್ಕಿದ್ದು ಗೋಂದು ಮತ್ತೆ ಮೈದಾ ಇರೋದೇ ಜಾಸ್ತಿ, ಅಕ್ಕಿಹಿಟ್ಟು ಹಾಕಿರೋದೂ ಸಿಗುತ್ತೆ ಹುಡುಕಿ. ಇನ್ನೊಂದು ಗೊತ್ತಾ, ಇಷ್ಟು ಇಂಗು ತಿನ್ನೋ ದೇಶದಲ್ಲಿ ಇಂಗಿನ ಬೆಳೆನೇ ಇರಲಿಲ್ಲ, ಅಫ್ಘಾನಿಸ್ತಾನ ಇರಾನ್ ಕಡೆಯಿಂದ ತರ್ಸೋದು. 2020ರ ಅಕ್ಟೋಬರಲ್ಲಿ ಹಿಮಾಚಲದ ಲಾಹೌಲ್ ಕಣಿವೇಲಿ ಮೊದಲ ಸಸಿ ನೆಟ್ಟಿದ್ದು.

ಕೂಲಿಂಗ್ ಗ್ಲಾಸ್ ಕಿಟ್ಟಿ

ಅಪ್‌ಡೇಟ್: ಫಿಲ್ಟರ್ ನೀರಲ್ಲಿ ಹಾಕ್ದೆ, ಬೇಳೆ ಬೆಂತು. ಒಗ್ಗರಣೆ ಡಬ್ಬಿ ಅಕ್ಕನ ಬಸ್ಸಾರು ಮಾಡಿದೆ, ಸೊಪ್ಪು ಸಿಗಲಿಲ್ಲ ಅಂತ ಬೀನ್ಸ್ ಹಾಕ್ದೆ, ರೂಮ್‌ಮೇಟ್ ಎರಡು ಪ್ಲೇಟ್ ಅನ್ನ ತಿಂದ, ಪಾತ್ರೆ ಮಾತ್ರ ತೊಳೀಲಿಲ್ಲ. ಕಟ್ಟು ಒಂದು ಲೋಟ ಉಳಿದಿದೆ, ಫ್ರಿಜ್ಜಲ್ಲಿ ಎಷ್ಟು ದಿನ ಇಡಬಹುದು?

ಒಗ್ಗರಣೆ ಡಬ್ಬಿ

ಬೀನ್ಸ್ ಹಾಕಿದ್ರೂ ಬಸ್ಸಾರೇ ಕಣೋ, ನಮ್ಮಲ್ಲೂ ಮಾಡ್ತಾರೆ, ನುಗ್ಗೆಸೊಪ್ಪಿಂದು ಇನ್ನೂ ಮಜವಾಗಿರುತ್ತೆ. ಬರೀ ಕಟ್ಟು ಎರಡು ದಿನಕ್ಕಿಂತ ಇಡಬೇಡ, ಅದು ಬೇಗ ಹಳಸುತ್ತೆ, ಹೊರಗಡೆ ಬಿಟ್ರಂತೂ ಬೇಸಿಗೇಲಿ ಸಾಯಂಕಾಲಕ್ಕೇ ನೊರೆ ಎದ್ದು ವಾಸನೆ. ಬಸಿದ ತಕ್ಷಣ ಆರಿಸಿ ಇಡು. ಜಾಸ್ತಿ ದಿನ ಬೇಕು ಅಂದ್ರೆ ಫ್ರೀಜರ್. ಚಪಾತಿ ಹಿಟ್ಟು ಕಲಸೋಕೂ ಹಾಕ್ಬಹುದು ನೀರಿನ ಬದ್ಲು.

@ಕಾಫಿ ತೋಟ ನಾನು ಈ ಶನಿವಾರ ಹುರಳಿ ಕಟ್ಟು ಇಳಿಸೋಣ ಅಂತಿದೀನಿ. ಮೊಳಕೆ ಬಂದಿರೋ ಹುರಳಿ ಇದೆ ಮನೇಲಿ, ಅದರದ್ದೇ ಮಾಡ್ಬಹುದಾ? ಬೆಂದ ಕಾಳು ಏನ್ ಮಾಡೋದು, ನಮ್ಮನೇಲಿ ಎತ್ತಿಲ್ಲ.

ಕಾಫಿ ತೋಟ

ಮೊಳಕೆದು ಬೇಡ, ಅದನ್ನ ಮಸಾಲೆ ರುಬ್ಬಿ ಹಾಕಿ ಮೊಳಕೆ ಹುರಳಿ ಸಾರು ಮಾಡಿ, ಅದೇ ಬೇರೆ ಅಡುಗೆ. ಕಟ್ಟಿಗೆ ಇಡೀ ಕಾಳೇ ಬೇಕು, ಕಪ್ಪು ಹುರಳಿ ಸಿಕ್ರೆ ಇನ್ನೂ ಒಳ್ಳೇದು. ಬೆಂದ ಕಾಳಿನ ಸತ್ವ ಎಲ್ಲಾ ಕಟ್ಟಿಗೆ ಹೋಗಿರುತ್ತೆ ಅಂತ ಬಿಸಾಕಬೇಡಿ, ಈರುಳ್ಳಿ ಹಸಿಮೆಣಸಿನಕಾಯಿ ಕಾಯಿ ಜಾಸ್ತಿ ಹಾಕಿ ಪಲ್ಯ ಮಾಡಿ, ಇಲ್ಲಾ ಒರಟಾಗಿ ರುಬ್ಬಿ ಶುಂಠಿ ಸೇರಿಸಿ ವಡೆ ತಟ್ಟಿ. ಕಿಟಕಿ ಬಾಗಿಲು ತೆಗೆದಿಡಿ, ಹುರಳಿ ಕುದಿಯೋ ವಾಸನೆ ಅಪಾರ್ಟ್‌ಮೆಂಟಲ್ಲಿ ಮೂರು ಫ್ಲೋರಿಗೆ ಹೋಗುತ್ತೆ.

ಬದನಿಕಾಯಿ ಎಣಗಾಯಿ

ಮತ್ತ ಆ ಕಟ್ಟು ಫ್ರಿಜ್ಜಿನಾಗ ಇಟ್ರ ಜೆಲ್ಲಿ ಹಂಗ ಗಟ್ಟಿ ಆಗ್ತದ್ರಿ, ಕೆಟ್ಟದ ಅಂತ ಚೆಲ್ಲಿಗಿಲ್ಲೀರಿ. ಬಿಸಿ ನೀರು ಹಾಕಿದ್ರ ಕರಗ್ತದ. ಶನಿವಾರ ಫೋಟೋ ಹಾಕ್ರಿ.

ಬೊಂಡ ಶರಬತ್ತು

ಬೆಳ್ಳುಳ್ಳಿ ಹದಿನೈದು ಎಸಳು. ನೆನಪಿರಲಿ.